ಆಫೀಸಿಂದ ಬಂದ ರೆಡಿಮೇಡ್ ಪತ್ರ: ಮೆಡಿಕೇಯ್ಡ್ (ಬಡವರ ಸರ್ಕಾರಿ ಹೆಲ್ತ್ ಇನ್ಶೂರೆನ್ಸ್) ಉಳಿಸಿ ಅಂತಾನೂ ಇದೆ, ಕೆಳಗೆ ಇನ್ನೊಂದು ಪ್ಯಾರಾನೂ ಇದೆ. ಕಳಿಸಲಾ?

ಕ್ಯಾರಿ ಕೋಸಂಬರಿ (ಶುಕ್ರವಾರ ರಾತ್ರಿ)

ಎಲ್ಲರಿಗೂ ನಮಸ್ಕಾರ. ಇಷ್ಟು ವರ್ಷ ಇಲ್ಲಿ ಮಿಕ್ಸಿ ಜಾರು, ಗಣೇಶನ ಹಬ್ಬದ ಪಾರ್ಕಿಂಗು ಬಿಟ್ಟು ಬೇರೇನೂ ಕೇಳಿದವಳಲ್ಲ. ಇವತ್ತು ಸ್ವಲ್ಪ ಉದ್ದ ಇದೆ.

ನಾನು ನಾರ್ತ್ ಕ್ಯಾರೊಲಿನಾದಲ್ಲಿ ಒಂದು ಹೆಲ್ತ್ ಇನ್ಶೂರೆನ್ಸ್ ಕಂಪನಿಗೆ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡ್ತೀನಿ. ಕಂಪನಿ ಹೆಸರು ಬೇಡ. ಬುಧವಾರ ಎಲ್ಲಾ ಉದ್ಯೋಗಿಗಳಿಗೂ ಒಂದು ಮೇಲ್ ಬಂತು. ನಿಮ್ಮ ಶಾಸಕರಿಗೆ ನಿಮ್ಮ ದನಿ ಮುಟ್ಟಿಸಿ ಅಂತ. ಲಿಂಕ್ ಒತ್ತಿದ್ರೆ ಪತ್ರ ರೆಡಿ. ನನ್ನ ಹೆಸರು, ಮನೆ ವಿಳಾಸ, ನಮ್ಮ ಸೆನೆಟರ್ ಮತ್ತು ರೆಪ್ರೆಸೆಂಟೇಟಿವ್ ಹೆಸರು ಎಲ್ಲಾ ಅದೇ ತುಂಬ್ಕೊಂಡಿದೆ. ಕೆಳಗೊಂದು ನೀಲಿ ಬಟನ್. ಅದರ ಕೆಳಗೆ ಇರುವೆ ಸಾಲಿನ ಹಾಗೆ ಸಣ್ಣಕ್ಷರದಲ್ಲಿ, ಇದು ಕಡ್ಡಾಯವಲ್ಲ.

ಪತ್ರದಲ್ಲಿ ಎರಡು ಪ್ಯಾರಾ. ಮೊದಲನೇದು: ಮೆಡಿಕೇಯ್ಡ್‌ಗೆ ಪೂರ್ತಿ ಹಣ ಕೊಡಿ, 2023ರಲ್ಲಿ ಇನ್ನಷ್ಟು ಕಡಿಮೆ ಆದಾಯದವರನ್ನು ಸೇರಿಸಿ ಮಾಡಿದ ವಿಸ್ತರಣೆ ಕೈಬಿಡಬೇಡಿ. ಇದಕ್ಕೆ ನಾನು ಎರಡು ಕೈಲೂ ಸಹಿ ಹಾಕ್ತೀನಿ. ನಮ್ಮ ಮಗೂನ ನೋಡ್ಕೊಳ್ಳೋ ಆಂಟಿಗೆ ಆ ಡಿಸೆಂಬರ್‌ನಲ್ಲೇ ಕಾರ್ಡ್ ಬಂದಿದ್ದು. ಎಷ್ಟೋ ವರ್ಷದ ಮೇಲೆ ರಕ್ತ ಪರೀಕ್ಷೆ ಮಾಡಿಸಿದ್ರು, ಶುಗರ್ ಮುನ್ನೂರರ ಮೇಲಿತ್ತು.

ಎರಡನೇ ಪ್ಯಾರಾದಲ್ಲಿ, ಪ್ರಯರ್ ಆಥರೈಸೇಷನ್ (ಚಿಕಿತ್ಸೆಗೆ ಮುಂಚೆ ಇನ್ಶೂರೆನ್ಸ್ ಕಂಪನಿ ಒಪ್ಪಿಗೆ ಪಡೆಯೋದು) ಮೇಲೆ ಮಿತಿ ಹಾಕೋ ಮಸೂದೆಗಳಿಂದ ಕುಟುಂಬಗಳ ಖರ್ಚು ಏರುತ್ತೆ, ಅವನ್ನು ವಿರೋಧಿಸಿ ಅಂತಿದೆ. ಇಲ್ಲಿ ನನ್ನ ಕೈ ನಿಂತುಬಿಡ್ತು. ಒಂದನ್ನು ಇಟ್ಕೊಂಡು ಇನ್ನೊಂದನ್ನು ಅಳಿಸೋಕೆ ಆ ಪೇಜಲ್ಲಿ ಆಗಲ್ಲ. ನನಗೆ ಗ್ರೀನ್ ಕಾರ್ಡ್ ಇದೆ, ಓಟಿಲ್ಲ. ಏನು ಮಾಡ್ಲಿ?

ಮಂಡ್ಯ ಟು ಮಾರಿಸ್‌ವಿಲ್

ಅಕ್ಕ, ಬಟನ್ ಒತ್ತಿ ಮಲ್ಕೊಳಿ. ಶಾಸಕರು ಇವನ್ನೆಲ್ಲ ಓದ್ತಾರೆ ಅಂದ್ಕೊಂಡಿದ್ದೀರಾ? ಎಣಿಸ್ತಾರೆ ಅಷ್ಟೇ. ಲೇಆಫ್ ಕಾಲ, ಯಾರು ಒತ್ತಿಲ್ಲ ಅಂತ ಎಚ್‌ಆರ್ ಲಿಸ್ಟ್ ಮಾಡಿದ್ರೆ ಕಷ್ಟ.

ಅಂಕಿ ಅಣ್ಣಯ್ಯ, ಡರ್ಹಮ್

ಎಣಿಸ್ತಾರೆ ಅಂತ ನೀವೇ ಹೇಳಿದ್ರಲ್ಲ, ಅದಕ್ಕೇ ಒತ್ತೋ ಮುಂಚೆ ಯೋಚಿಸಬೇಕು. ಎರಡನೇ ಪ್ಯಾರಾ ಲೆಕ್ಕಕ್ಕೂ ಒಂದು ತಲೆ ಸೇರುತ್ತೆ.

ಈ ಎರಡು ಪ್ಯಾರಾ ಒಂದೇ ಪತ್ರದಲ್ಲಿ ಯಾಕಿದೆ ಅನ್ನೋದಕ್ಕೆ ದುಡ್ಡು ಬರೋ ದಾರಿ ನೋಡಿ. ನಮ್ಮ ರಾಜ್ಯದಲ್ಲಿ ಮೊದಲು ಮೆಡಿಕೇಯ್ಡ್ ಹಣವನ್ನು ಸರ್ಕಾರವೇ ಡಾಕ್ಟರಿಗೆ, ಆಸ್ಪತ್ರೆಗೆ ನೇರ ಕೊಡ್ತಿತ್ತು. 2015ರಲ್ಲಿ ಗವರ್ನರ್ ಮೆಕ್ರೋರಿ ಕಾಲದಲ್ಲಿ ಕಾನೂನು ಮಾಡಿ ಅದನ್ನು ಇನ್ಶೂರೆನ್ಸ್ ಕಂಪನಿಗಳ ಕೈಗೆ ಕೊಡೋದು ಅಂತಾಯ್ತು. ಬಜೆಟ್ ಜಗಳದಲ್ಲಿ ಎಳೆದು ಎಳೆದು ಕೊನೆಗೆ 2021 ಜುಲೈ 1ಕ್ಕೆ ಶುರುವಾಯ್ತು. ಸುಮಾರು 16 ಲಕ್ಷ ಜನ ಒಂದೇ ದಿನ ಕಂಪನಿಗಳ ಪ್ಲಾನ್‌ಗೆ ಹೋದ್ರು. ಈಗ ಕಂಪನಿಗೆ ಒಬ್ಬ ಸದಸ್ಯನಿಗೆ ತಿಂಗಳಿಗೆ ಇಷ್ಟು ಅಂತ ಕಟ್ಟು ಮೊತ್ತ ಬರುತ್ತೆ. ಆ ಮನುಷ್ಯ ಡಾಕ್ಟರ ಹತ್ರ ಹೋದರೂ ಅಷ್ಟೇ, ಹೋಗದಿದ್ದರೂ ಅಷ್ಟೇ.

ಹಾಗಾಗಿ ಸದಸ್ಯರು ಜಾಸ್ತಿ ಆಗಲಿ ಅನ್ನೋದು ಕಂಪನಿಗೆ ಲಾಭ, ಮೊದಲನೇ ಪ್ಯಾರಾ. ಸೇರಿದ ಮೇಲೆ ಖರ್ಚು ತಮ್ಮ ಹಿಡಿತದಲ್ಲಿರಲಿ ಅನ್ನೋದೂ ಲಾಭ, ಎರಡನೇ ಪ್ಯಾರಾ. ಮೊದಲನೇದರಲ್ಲಿ ನಿಮ್ಮ ಆಂಟಿ ಹಿತವೂ ಕಂಪನಿ ಹಿತವೂ ಒಂದೇ ದಾರೀಲಿ ಹೋಗುತ್ತೆ, ಎರಡನೇದರ ಹತ್ರ ಕವಲೊಡೆಯುತ್ತೆ. ಕಂಪನಿಗೆ ಮಾತ್ರ ಎರಡೂ ಒಂದೇ ಲೆಕ್ಕ.

ವೇದಿಕೆ ನಿರ್ವಾಹಕ

ಟ್ರಂಪ್-ಬೈಡನ್ ಜಗಳಕ್ಕೆ ಬೇರೆ ಎಳೆ ಇದೆ, ಅಲ್ಲಿಗೆ ಹೋಗಿ. ಮೂರು ಕಾಮೆಂಟ್ ತೆಗೆದಿದ್ದೇನೆ.

ಫ್ಯಾಕ್ಸ್ ಮಷೀನ್ ಸಂಗಾತಿ, ಶಾರ್ಲಟ್

ನಾನು ಮಕ್ಕಳ ಕ್ಲಿನಿಕ್ಕಲ್ಲಿ ಫ್ರಂಟ್ ಡೆಸ್ಕ್. ಈ ದೇಶದಲ್ಲಿ ಫ್ಯಾಕ್ಸ್ ಇನ್ನೂ ಜೀವಂತವಾಗಿರೋದು ಪ್ರಯರ್ ಆಥ್‌ಗೋಸ್ಕರವೇ ಅಂತ ನಮ್ಮಲ್ಲಿ ತಮಾಷೆ.

ಒಂದು ಹೇಳ್ತೀನಿ. ನಾಲ್ಕು ವರ್ಷದ ಹುಡುಗ, ಮಾತು ತಡ. ಸ್ಪೀಚ್ ಥೆರಪಿಗೆ 24 ಸಲ ಕೇಳಿದ್ವಿ, 8ಕ್ಕೆ ಒಪ್ಪಿಗೆ ಬಂತು. ಎಂಟು ಮುಗಿಯೋ ಹೊತ್ತಿಗೆ ಮಗು "ನೀರು" ಅನ್ನೋಕೆ ಶುರು ಮಾಡಿತ್ತು. ಸ್ಪ್ಯಾನಿಷಲ್ಲಿ, ಆಗ್ವಾ ಅಂತ. ಮತ್ತೆ ಅರ್ಜಿ, ಮತ್ತೆ ಫ್ಯಾಕ್ಸ್. ಪ್ರಗತಿ ವರದಿ ಸಾಲದು ಅಂತ ವಾಪಸ್. ಆಮೇಲೆ ಡಾಕ್ಟರು ಅವರ ಡಾಕ್ಟರ್ ಜೊತೆ ಫೋನಲ್ಲಿ ಮಾತಾಡ್ಬೇಕು, ಪೀರ್ ಟು ಪೀರ್ ಅಂತಾರೆ. ನಮ್ಮ ಡಾಕ್ಟರು ಊಟದ ಡಬ್ಬಿ ತೆರೆದು ಇಟ್ಕೊಂಡು ನಲವತ್ತು ನಿಮಿಷ ಹೋಲ್ಡ್ ಮ್ಯೂಸಿಕ್ ಕೇಳಿದ್ರು. ಒಪ್ಪಿಗೆ ಏನೋ ಬಂತು, ಐದು ವಾರ ಆದ್ಮೇಲೆ. ಅಷ್ಟರಲ್ಲಿ ಥೆರಪಿಸ್ಟ್ ಹತ್ರ ಆ ಹುಡುಗನ ಸ್ಲಾಟ್ ಬೇರೆಯವರಿಗೆ ಹೋಗಿತ್ತು.

ಇದು ನಮ್ಮೊಬ್ಬರ ಗೋಳಲ್ಲ. ಫೆಡರಲ್ ಆರೋಗ್ಯ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ 2023ರಲ್ಲಿ ವರದಿ ಕೊಟ್ಟಿದ್ದಾರೆ. 37 ರಾಜ್ಯಗಳ 115 ಮೆಡಿಕೇಯ್ಡ್ ಪ್ಲಾನ್‌ಗಳ 2019ರ ಲೆಕ್ಕ ತೆಗೆದು ನೋಡಿದ್ರೆ, ಎಂಟು ಕೋರಿಕೆಗಳಲ್ಲಿ ಒಂದಕ್ಕೆ ಇಲ್ಲ ಅಂದಿದ್ದಾರೆ. ವಯಸ್ಸಾದವರಿಗೆ ಕಂಪನಿಗಳು ನಡೆಸೋ ಮೆಡಿಕೇರ್ ಅಡ್ವಾಂಟೇಜಲ್ಲಿ ಇಲ್ಲ ಅನ್ನೋದಕ್ಕಿಂತ ಇದು ಎರಡು ಪಟ್ಟಿಗೂ ಜಾಸ್ತಿ. ಇನ್ನೊಂದು ವಿಷಯ ಅದರಲ್ಲೇ ಇದೆ: ಬಹಳಷ್ಟು ರಾಜ್ಯಗಳು ಈ ನಿರಾಕರಣೆಗಳು ಸರಿಯೋ ತಪ್ಪೋ ಅಂತ ತೆರೆದು ನೋಡೋ ಗೋಜಿಗೇ ಹೋಗಿಲ್ಲ.

ಬಡವರ ಮಗು, ಅಮ್ಮ ಎರಡು ಕಡೆ ಕೆಲಸ ಮಾಡ್ತಾಳೆ. ಅಪೀಲಿಗೆ 60 ದಿನ ಅಂತ ಕಾಗದದಲ್ಲಿದೆ ನಿಜ. ಆ ಕಾಗದ ತೆರೆಯೋಕೇ ಅವಳಿಗೆ ಭಾನುವಾರ ಬರಬೇಕು.

ಆಕ್ಚುಯರಿ ಆಚಾರ್

ನಾನೂ ಇನ್ಶೂರೆನ್ಸ್ ಕಡೆಯವನೇ, ಬೇರೆ ರಾಜ್ಯ. ಒಂದೇ ಕಡೆ ಕಲ್ಲು ಬೀಳ್ತಾ ಇದೆ, ಹಾಗಾಗಿ ಬರೀತಿದ್ದೀನಿ.

ಪ್ರಯರ್ ಆಥ್ ಕಿತ್ತು ಹಾಕಿದ್ರೆ ಏನಾಗುತ್ತೆ? ಮಿನ್ನೆಸೋಟದಲ್ಲಿ ಮನೆ ಹುಡುಕಿಕೊಡೋ ಮೆಡಿಕೇಯ್ಡ್ ಯೋಜನೆಯೊಂದನ್ನು 2025ರಲ್ಲಿ ಮೋಸ ತಡೆಯಲಾರದೆ ಸರ್ಕಾರವೇ ಮುಚ್ಚಿತು. ಬಾಗಿಲಿಲ್ಲದ ಮನೆಗೆ ನಾಯಿ ನುಗ್ಗೋದು ಸಹಜ. ಮೇಲಾಗಿ ಕಂಪನಿಗಳು ಲೂಟಿ ಹೊಡೀತಿವೆ ಅನ್ನೋ ಹಾಗೂ ಇಲ್ಲ. ಕೋವಿಡ್ ಕಾಲದಲ್ಲಿ ಯಾರನ್ನೂ ತೆಗೆಯೋ ಹಾಗಿರಲಿಲ್ಲ. 2023ರ ಏಪ್ರಿಲ್‌ನಿಂದ ಮತ್ತೆ ಅರ್ಹತೆ ಪರಿಶೀಲನೆ ಶುರುವಾಗಿ ದೇಶದಲ್ಲಿ 2.5 ಕೋಟಿಗೂ ಹೆಚ್ಚು ಜನರ ಕಾರ್ಡ್ ಹೋಯ್ತು. ಹತ್ತರಲ್ಲಿ ಸುಮಾರು ಏಳು ಜನರದ್ದು ಹೋಗಿದ್ದು ಅರ್ಹತೆ ಇಲ್ಲ ಅಂತ ತೀರ್ಮಾನವಾಗಿ ಅಲ್ಲ, ಫಾರ್ಮ್ ಬರಲಿಲ್ಲ, ವಿಳಾಸ ಬದಲಾಗಿತ್ತು ಅನ್ನೋ ಥರದ ಕಾರಣಕ್ಕೆ. ಗಟ್ಟಿಮುಟ್ಟಾಗಿದ್ದವರು ಹೋದ್ರು, ಕಾಯಿಲೆಯವರು ಉಳಿದ್ರು. ರಾಜ್ಯ ಕೊಡೋ ತಿಂಗಳ ಮೊತ್ತ ಹಳೇದೇ. 2025ರ ಜುಲೈನಲ್ಲಿ ಸೆಂಟೀನ್ ಅನ್ನೋ ದೊಡ್ಡ ಇನ್ಶೂರೆನ್ಸ್ ಕಂಪನಿ ತನ್ನ ವರ್ಷದ ಲಾಭದ ಅಂದಾಜನ್ನೇ ವಾಪಸ್ ತಗೊಂಡು, ಷೇರು ಒಂದೇ ದಿನದಲ್ಲಿ ನೂರಕ್ಕೆ 40ರಷ್ಟು ಕುಸಿದಿದ್ದು ನೆನಪಿರಬಹುದು. ಅದಕ್ಕೆ ಮಾರ್ಕೆಟ್‌ಪ್ಲೇಸ್ (ಜನ ತಾವೇ ಕೊಳ್ಳೋ ಸರ್ಕಾರಿ ತಾಣದ) ಪ್ಲಾನ್‌ಗಳ ಜೊತೆ ಮೆಡಿಕೇಯ್ಡ್ ಖರ್ಚೂ ಕಾರಣವಾಗಿತ್ತು.

ಲಾಬಿ ಅಂದ ತಕ್ಷಣ ಮುಖ ಸಿಂಡರಿಸಬೇಡಿ. ಕೆಲಸ ಮಾಡಿದ್ರೆ ಮಾತ್ರ ಮೆಡಿಕೇಯ್ಡ್ ಅನ್ನೋ ನಿಯಮ ಅರ್ಕಾನ್ಸಾದಲ್ಲಿ 2018ರಲ್ಲಿ ಬಂದಾಗ ಕೆಲವೇ ತಿಂಗಳಲ್ಲಿ 18,000 ಜನರ ಕಾರ್ಡ್ ಹೋಯ್ತು, ಮುಂದಿನ ಮಾರ್ಚ್‌ನಲ್ಲಿ ಕೋರ್ಟ್ ನಿಲ್ಲಿಸ್ತು. ಈಗ ಅಂಥದ್ದೇ ನಿಯಮ ವಿಸ್ತರಣೆ ಮಾಡಿದ ರಾಜ್ಯಗಳಿಗೆಲ್ಲ ಬರ್ತಿದೆ. 2025 ಜುಲೈ 4ರಂದು ಸಹಿಯಾದ ಕಾನೂನು, 2027 ಜನವರಿ ಒಳಗೆ ಜಾರಿ. ವಿಸ್ತರಣೆಯಲ್ಲಿ ಸೇರಿದವರು ತಿಂಗಳಿಗೆ 80 ಗಂಟೆ ಕೆಲಸ ತೋರಿಸಬೇಕು, ಆರು ತಿಂಗಳಿಗೊಮ್ಮೆ ಅರ್ಹತೆ ಪರಿಶೀಲನೆ. ಇದು ಜಾರಿಯಾಗುವಾಗ ಫಾರ್ಮ್ ಸರಳ ಮಾಡಿ, ಸಂಬಳದ ಮಾಹಿತಿ ಸರ್ಕಾರದ ಹತ್ರ ಇದ್ರೆ ಜನರನ್ನು ಕೇಳಬೇಡಿ ಅಂತ ರಾಜ್ಯಗಳ ಮುಂದೆ ವಾದ ಮಾಡೋಕೆ ದುಡ್ಡು, ವಕೀಲರು, ಪುರುಸೊತ್ತು ಇರೋದು ಯಾರಿಗೆ? ಆ ಆಂಟಿಗಾ?

ಫ್ಯಾಕ್ಸ್ ಮಷೀನ್ ಸಂಗಾತಿ

ಆಚಾರ್ ಅವರೇ, ಕಿತ್ತು ಹಾಕಿ ಅಂತ ಯಾರು ಹೇಳಿದ್ರು? ಬಾಗಿಲಿರಲಿ. ಕಾಲಿಂಗ್ ಬೆಲ್ ಒತ್ತಿದ್ರೆ ಯಾರಾದ್ರೂ ಬರಲಿ ಅಂತಿದ್ದೀವಿ.

ಹುಬ್ಬಳ್ಳಿ ಡಾಕ್ಟರ್, ಹ್ಯೂಸ್ಟನ್

ನಮಸ್ಕಾರ್ರಿ. ಟೆಕ್ಸಸ್ ಕಥಿ ಕೇಳ್ರಿ. 2021ರಾಗ ಇಲ್ಲಿ ಗೋಲ್ಡ್ ಕಾರ್ಡ್ ಕಾನೂನ ಅಂತ ಮಾಡಿದ್ರು. ಆಗಿನ ಪ್ರಕಾರ, ಆರು ತಿಂಗಳದಾಗ ಒಂದು ಚಿಕಿತ್ಸಾಕ್ಕ ನೀವು ಕೇಳಿದ್ದ ಅರ್ಜಿಯೊಳಗ ನೂರಕ್ಕ 90 ಪಾಸ್ ಆಗಿದ್ರ, ಮುಂದ ಆ ಚಿಕಿತ್ಸಾಕ್ಕ ಕೇಳೂದ ಬ್ಯಾಡ. ಇನ್ಶೂರೆನ್ಸ್‌ನವರು ಬಾಳ ವಿರೋಧ ಮಾಡಿದ್ರು, ಆದ್ರೂ ಪಾಸಾತು. ನಾವೆಲ್ಲ ಪೇಢಾ ಹಂಚಿದ್ವಿ. ಆಮ್ಯಾಲ ನೋಡಿದ್ರ, ಒಂದ ಕಂಪನಿಗೆ ಒಂದ ಚಿಕಿತ್ಸಾಕ್ಕ ಆರು ತಿಂಗಳದಾಗ ಕಡಿಮಿ ಅಂದ್ರೂ ಐದು ಅರ್ಜಿ ಇರಬೇಕು ಅಂತ ನಿಯಮದಾಗ ಸೇರಿಸಿದ್ರು. ಅಷ್ಟ ಅರ್ಜಿ ಬಾಳ ಮಂದೀದು ಇರಂಗಿಲ್ಲ. ಗೋಲ್ಡ್ ಕಾರ್ಡ್ ಸಿಕ್ಕಿದ್ದು ಬೆರಳೆಣಿಕಿ ಮಂದಿಗೆ. ಕಾನೂನ ಮಾಡು ಕಡೆ ಸೋತವರು ನಿಯಮ ಬರಿಯು ಕಡೆ ಹೋಗಿ ಕುಂತಿರ್ತಾರ. ಕ್ಯಾಮೆರಾ ಇರೂದು ಮೊದಲನೇ ಕಡೆ ಅಷ್ಟ.

ಇನ್ನೊಂದು. ನಿಮ್ಮಲ್ಲಿ ಬಾಳ ಮಂದಿ ಐಟಿ ಕಂಪನ್ಯಾಗ ಇದ್ದೀರಿ. ರಾಜ್ಯದ ಈ ಕಾನೂನ ನಿಮ್ಮ ಕಾರ್ಡಿಗೆ ತಾಗಂಗಿಲ್ಲ. ದೊಡ್ಡ ಕಂಪನಿಗಳು ತಮ್ಮ ರೊಕ್ಕದಾಗ ತಾವ ಕ್ಲೇಮ್ ಕೊಡ್ತಾವ, ಕಾರ್ಡ್ ಮ್ಯಾಲ ಇನ್ಶೂರೆನ್ಸ್ ಹೆಸರಿದ್ರೂ ಅವರು ಬರೇ ಲೆಕ್ಕಾ ಬರಿಯವರು. ಅದು 1974ರ ಎರಿಸಾ ಅನ್ನು ಫೆಡರಲ್ ಕಾನೂನಿನ ಕೆಳಗ ಬರ್ತದ. ನಮ್ಮ ಗೋಲ್ಡ್ ಕಾರ್ಡ್ ಕಾನೂನ ಮೆಡಿಕೇಯ್ಡ್‌ಗೂ ಇಲ್ಲ. ಟೆಕ್ಸಸ್‌ನಾಗ ಮೆಡಿಕೇಯ್ಡ್ ವಿಸ್ತರಣಾನ ಆಗಿಲ್ಲ, ಅದು ಬ್ಯಾರೆ ದುಃಖ.

ಮಂಡ್ಯ ಟು ಮಾರಿಸ್‌ವಿಲ್

ಅಯ್ಯೋ ಡಾಕ್ಟ್ರೇ, ನನ್ನ ಮೊಣಕಾಲು ಎಂಆರ್‌ಐ ತಡ ಆದಾಗ ರಾಜ್ಯದ ಇನ್ಶೂರೆನ್ಸ್ ಕಮಿಷನರ್‌ಗೆ ಎರಡು ಪುಟ ದೂರು ಬರ್ದಿದ್ದೆ. ಅದು ನಮ್ಮ ವ್ಯಾಪ್ತಿಗೆ ಬರಲ್ಲ ಅಂತ ಒಂದು ಸಾಲು ಉತ್ತರ. ಯಾಕೆ ಅಂತ ಇವತ್ತು ಗೊತ್ತಾಯ್ತು.

ಕೊಲಂಬಸ್ ಕೆಮಿಸ್ಟ್

ಒಹಾಯೋದ್ದು ನಾನು ಹೇಳ್ತೇನೆ ಮಾರಾಯ್ರೆ, ನಾನು ಫಾರ್ಮಸಿ ಕೌಂಟರಿನ ಈಚೆ ನಿಂತು ನೋಡಿದವ.

ಮೆಡಿಕೇಯ್ಡ್ ಪ್ಲಾನ್ ಮತ್ತು ನಮ್ಮ ಅಂಗಡಿ ಮಧ್ಯೆ ಪಿಬಿಎಂ ಅಂತ ಒಬ್ಬ ದಲ್ಲಾಳಿ ಉಂಟು. ಮಾತ್ರೆಗೆ ನಮಗೆ ಕೊಡುವುದು ಒಂದು ರೇಟು, ಪ್ಲಾನಿಗೆ ಹಾಕುವುದು ಇನ್ನೊಂದು. 2018ರಲ್ಲಿ ರಾಜ್ಯದ ಆಡಿಟರ್ ಒಂದು ವರ್ಷದ ಲೆಕ್ಕ ತೆಗೆದಾಗ ಆ ಅಂತರ 22.48 ಕೋಟಿ ಡಾಲರ್! ಇದು ಮೊದಲು ಹೊರಗೆ ಬಂದದ್ದು ಸಣ್ಣ ಫಾರ್ಮಸಿಯವರ ಗಲಾಟೆಯಿಂದ, ಇಲ್ಲಿನ ಪತ್ರಿಕೆ ಬೆನ್ನು ಹತ್ತಿದ್ದರಿಂದ. ಆಮೇಲೆ ರಾಜ್ಯ ಕೇಸು ಹಾಕಿ 2021ರಲ್ಲಿ ಸೆಂಟೀನ್ 8.83 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ತಪ್ಪೊಪ್ಪಿಗೆ ಇಲ್ಲ. ಈಗ ಒಹಾಯೋ ಮೆಡಿಕೇಯ್ಡಿಗೆ ಒಬ್ಬನೇ ಪಿಬಿಎಂ, ಅವನೊಟ್ಟಿಗೆ ಗುತ್ತಿಗೆ ಮಾಡಿದ್ದು ರಾಜ್ಯವೇ.

ನಾನು ಹೇಳುವುದು ಇಷ್ಟು, ಅಷ್ಟೂ ವರ್ಷ ಶಾಸಕರ ಮುಂದೆ "ಖರ್ಚು ಉಳಿಸ್ತೇವೆ" ಎಂಬ ಮಾತೇ ನಡೆಯುತ್ತಿತ್ತು. ಕೋಸಂಬರಿಯವರ ಪತ್ರದಲ್ಲಿ "ಕುಟುಂಬಗಳ ಖರ್ಚು ಏರುತ್ತೆ" ಅಂತ ಉಂಟಲ್ಲ, ಮೆಡಿಕೇಯ್ಡಿನಲ್ಲಿ ಕುಟುಂಬ ಕಟ್ಟುವ ಪ್ರೀಮಿಯಂ ಎಷ್ಟು? ಹೆಚ್ಚಿನ ಕಡೆ ಸೊನ್ನೆ. ಯಾವ ಕುಟುಂಬದ ಖರ್ಚು ಅಂತ ಕೇಳಿ ನೋಡಿ.

ಆಕ್ಚುಯರಿ ಆಚಾರ್

ಅದು ಪ್ರೀಮಿಯಂ ಕಟ್ಟೋ ಕಮರ್ಷಿಯಲ್ ಪ್ಲಾನ್ ಬಗ್ಗೆ ಬರೆದಿರ್ತಾರೆ. ಮಸೂದೆ ಎರಡಕ್ಕೂ ಅನ್ವಯಿಸೋದಿದ್ರೆ ವಾದವೂ ಕಲಸುಮೇಲೋಗರ ಆಗುತ್ತೆ. ಬರೆದವರ ಸೋಮಾರಿತನ, ಒಪ್ಪಿದೆ.

ಜಯನಗರ 4ನೇ ಬ್ಲಾಕ್

ಬೆಂಗಳೂರಿಂದ. ಕುತೂಹಲಕ್ಕೆ ಓದ್ತಾ ಕೂತೆ, ಕಾಫಿ ಆರಿಹೋಯ್ತು.

ನಮ್ಮಲ್ಲಿ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕಕ್ಕೆ ಇನ್ಶೂರೆನ್ಸ್ ಕಂಪನಿಯೇ ಇಲ್ಲ. ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಅಂತ ಸರ್ಕಾರದ್ದೇ ಟ್ರಸ್ಟು, ಅದು ಆಸ್ಪತ್ರೆಗೆ ನೇರ ದುಡ್ಡು ಕೊಡುತ್ತೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ಮಧ್ಯೆ ಲಾಭ ನೋಡೋ ಕಂಪನಿ ಇಲ್ಲ, ಅದು ಲಾಬಿ ಮಾಡೋ ಪ್ರಶ್ನೆಯೂ ಇಲ್ಲ. ಹಾಗಂತ ಸ್ವರ್ಗ ಅಲ್ಲ. ನಮ್ಮ ಮನೆ ಕೆಲಸದ ಗೌರಮ್ಮನ ಗಂಡನಿಗೆ ಸ್ಟೆಂಟ್ ಹಾಕಿಸುವಾಗ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿಗೆ ನಾನೇ ಓಡಾಡಿದೀನಿ. ಆಮೇಲೆ ಟ್ರಸ್ಟಿನ ಪ್ರಿ-ಆಥ್. ಅಲ್ಲೂ ಅದೇ ಪದ! ಲಾಬಿ ಮಾಡೋದು ಇಲ್ಲಿ ಖಾಸಗಿ ಆಸ್ಪತ್ರೆಗಳು, ಪ್ಯಾಕೇಜ್ ರೇಟು ಏರಿಸಿ ಅಂತ.

ಅಂಕಿ ಅಣ್ಣಯ್ಯ

ಜಯನಗರದವರೇ, ಅಮೆರಿಕದಲ್ಲೂ ನಿಮ್ಮ ಟ್ರಸ್ಟ್ ಥರದ್ದು ಒಂದಿದೆ. ಕನೆಕ್ಟಿಕಟ್ 2012ರಲ್ಲಿ ಮೆಡಿಕೇಯ್ಡ್‌ನಿಂದ ಇನ್ಶೂರೆನ್ಸ್ ಕಂಪನಿಗಳನ್ನು ಬಿಡಿಸಿ ತಾನೇ ನೇರ ಕೊಡೋಕೆ ಶುರು ಮಾಡಿತು. ಇನ್ಶೂರೆನ್ಸ್ ಊರು ಹಾರ್ಟ್‌ಫರ್ಡ್ ಇರೋ ರಾಜ್ಯವೇ ಇದನ್ನು ಮಾಡಿದ್ದು ನನಗೆ ಯಾವತ್ತೂ ನಗು ತರಿಸುತ್ತೆ.

ಆಸ್ಪತ್ರೆಗಳ ಲಾಬಿ ಅಂದ್ರಲ್ಲ, ನಾರ್ತ್ ಕ್ಯಾರೊಲಿನಾ ವಿಸ್ತರಣೆ ಆಗಿದ್ದೇ ಹಾಗೆ. ಹತ್ತು ವರ್ಷ ಸೆನೆಟ್ ನಾಯಕ ಫಿಲ್ ಬರ್ಗರ್ ಬೇಡವೇ ಬೇಡ ಅಂತಿದ್ರು. ಕೊನೆಗೆ ಒಪ್ಪಂದ ಹೇಗಾಯ್ತು ಅಂದ್ರೆ, ಖರ್ಚಿನ 90 ಭಾಗ ಕೇಂದ್ರ ಕೊಡುತ್ತೆ, ಉಳಿದ 10ರಲ್ಲಿ ಬಹುಪಾಲು ಆಸ್ಪತ್ರೆಗಳು ತಾವೇ ತೆರಿಗೆ ಥರ ಕಟ್ತವೆ. ಪ್ರತಿಯಾಗಿ ಅವಕ್ಕೆ ಹೆಚ್ಚಿನ ಪಾವತಿ. 2023 ಮಾರ್ಚ್ 27ಕ್ಕೆ ಗವರ್ನರ್ ಕೂಪರ್ ಸಹಿ, ಡಿಸೆಂಬರ್ 1ಕ್ಕೆ ಜಾರಿ, ಒಂದೇ ವರ್ಷದಲ್ಲಿ 6 ಲಕ್ಷ ಜನ. ಆದ್ರೆ ಕಾನೂನಲ್ಲೊಂದು ಗುಂಡಿ ಇದೆ. ಕೇಂದ್ರದ ಪಾಲು 90ಕ್ಕಿಂತ ಕೆಳಗೆ ಇಳಿದ್ರೆ ವಿಸ್ತರಣೆಯೇ ನಿಂತುಹೋಗುತ್ತೆ. ಆಚಾರ್ ಹೇಳಿದ ಹೊಸ ಫೆಡರಲ್ ಕಾನೂನು 90ನ್ನು ಮುಟ್ಟಿಲ್ಲ. ಆದ್ರೆ ಆಸ್ಪತ್ರೆಗಳಿಂದ ಎತ್ತೋ ಆ ಹಣಕ್ಕೆ 6 ಪರ್ಸೆಂಟ್ ಇದ್ದ ಮಿತಿಯನ್ನು 2028ರಿಂದ ವರ್ಷಕ್ಕೆ ಅರ್ಧರ್ಧ ಪರ್ಸೆಂಟ್ ಇಳಿಸಿ 3.5ಕ್ಕೆ ತರುತ್ತೆ. ಮರ ಕಡಿದಿಲ್ಲ, ಬೇರಿಗೆ ನೀರು ಕಮ್ಮಿ ಮಾಡಿದ್ದಾರೆ.

ಇನ್ನು 2025ರಲ್ಲಿ ಆಗಿದ್ದು ನೋಡಿ. ಮೆಡಿಕೇಯ್ಡ್‌ಗೆ ಪ್ರತಿ ವರ್ಷ ಹೆಚ್ಚುವರಿ ಹಣ ಕೊಡೋದಕ್ಕೆ ಇಲ್ಲಿ ರೀಬೇಸ್ ಅಂತಾರೆ. ಹೌಸು, ಸೆನೆಟ್ಟು ಎರಡೂ ಕೊಡೋಣ ಅಂದವು, ಜೊತೆಗೆ ಬೇರೇನು ಸೇರಿಸಬೇಕು ಅಂತ ಕಿತ್ತಾಡಿದವು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು. ಅಕ್ಟೋಬರ್ 1ರಿಂದ ಡಾಕ್ಟರು, ಥೆರಪಿಸ್ಟುಗಳ ರೇಟಿಗೆ 3ರಿಂದ 10 ಪರ್ಸೆಂಟ್ ಕತ್ತರಿ. ಕೋರ್ಟಿಗೆ ಹೋದ್ಮೇಲೆ ಡಿಸೆಂಬರ್‌ನಲ್ಲಿ ಗವರ್ನರ್ ಸ್ಟೈನ್ ವಾಪಸ್ ತಗೊಂಡ್ರು. ಕೋಸಂಬರಿಯವರ ಮೊದಲನೇ ಪ್ಯಾರಾ ಪೊಳ್ಳಲ್ಲ ಅನ್ನೋದಕ್ಕೆ ಹೇಳಿದೆ.

ಫ್ಯಾಕ್ಸ್ ಮಷೀನ್ ಸಂಗಾತಿ

ಹೌದು, ಆ ಅಕ್ಟೋಬರ್‌ನಲ್ಲಿ ನಮ್ಮ ಪಕ್ಕದ ಥೆರಪಿ ಸೆಂಟರಿನವರು ಹೊಸ ಮೆಡಿಕೇಯ್ಡ್ ಮಕ್ಕಳನ್ನು ತಗೊಳ್ಳೋದು ನಿಲ್ಲಿಸಿದ್ರು. ಬಾಗಿಲಿಗೆ ಹಾಳೆ ಅಂಟಿಸಿದ್ರು, ಸೆಲ್ಲೋಟೇಪಲ್ಲಿ.

ಕ್ಯಾರಿ ಕೋಸಂಬರಿ (ಮುಂದಿನ ಗುರುವಾರ)

ಎಲ್ಲರಿಗೂ ಥ್ಯಾಂಕ್ಸ್. ಎಷ್ಟೊಂದು ಬರೆದಿದ್ದೀರಿ.

ಬಟನ್ ಒತ್ತಲಿಲ್ಲ. ಮಂಗಳವಾರ ರಜೆ ಹಾಕಿ ರಾಲಿಯ ಜೋನ್ಸ್ ಸ್ಟ್ರೀಟಿಗೆ, ನಮ್ಮ ರಾಜ್ಯದ ಶಾಸನಸಭೆಗೆ ಹೋಗಿದ್ದೆ. ವಿಧಾನಸೌಧಕ್ಕೆ ಪಾಸ್ ಮಾಡಿಸೋ ಥರ ಏನೂ ಇಲ್ಲ, ಯಾರು ಬೇಕಾದ್ರೂ ಒಳಗೆ ಹೋಗಬಹುದು. ಕೆಂಪು ಕಾರ್ಪೆಟ್, ಮಧ್ಯದಲ್ಲಿ ಗಿಡಗಳು. ನಮ್ಮ ರೆಪ್ರೆಸೆಂಟೇಟಿವ್ ಸಿಗಲಿಲ್ಲ, ಅವರ ಆಫೀಸಿನ ಸಹಾಯಕಿ ಸಿಕ್ಕಿದ್ರು. ನನ್ನ ಪತ್ರ ಕೊಟ್ಟೆ. ಆಂಟಿಯ ಶುಗರ್ ಬಗ್ಗೆ, ಮೆಡಿಕೇಯ್ಡ್ ಹಣದ ಬಗ್ಗೆ ಮಾತ್ರ ಬರೆದಿದ್ದೆ. ಎರಡನೇ ಪ್ಯಾರಾ ಬಗ್ಗೆ ಪರವಾಗಿ ಬರೆಯಲಿಲ್ಲ, ವಿರೋಧವಾಗಿಯೂ ಬರೆಯಲಿಲ್ಲ. ಅಷ್ಟು ಧೈರ್ಯ ಸಾಲಲಿಲ್ಲ ಅಂತ ಒಪ್ಕೋತೀನಿ, ಅನ್ನ ಕೊಡೋ ಕಂಪನಿ. ಆ ಹುಡುಗಿ ಓದಿ, "ಈ ವಾರ ಇದೇ ವಿಷಯಕ್ಕೆ ಒಂದೇ ಥರದ ಪತ್ರಗಳು ಬಹಳ ಬಂದಿವೆ, ಇದು ಬೇರೆ ಥರ ಇದೆ" ಅಂದು ಬೇರೆ ಫೋಲ್ಡರಲ್ಲಿ ಇಟ್ಟಳು. ಯಾವ ಫೋಲ್ಡರ್ ಅಂತ ಕೇಳೋಕೆ ಸಂಕೋಚ ಆಯ್ತು.

ಹೊರಗೆ ಬರುವಾಗ ಕಾರಿಡಾರಲ್ಲಿ ನಮ್ಮ ಕಂಪನಿಯ ಸರ್ಕಾರಿ ವ್ಯವಹಾರಗಳ ತಂಡದವರೊಬ್ಬರು ಎದುರಾದ್ರು. ಟೌನ್ ಹಾಲ್ ಮೀಟಿಂಗಲ್ಲಿ ಮುಖ ನೋಡಿ ಗೊತ್ತು. ಅವರ ಕೋಟಿನ ಮೇಲೆ ಲಾಬಿಯಿಸ್ಟ್ ಅಂತ ಬ್ಯಾಡ್ಜ್. ಅವರಿಗೆ ನಾನು ಗೊತ್ತಿಲ್ಲ, ನಕ್ಕು ಬಾಗಿಲು ಹಿಡ್ಕೊಂಡ್ರು. ನಾನೂ ಥ್ಯಾಂಕ್ಯೂ ಅಂದೆ.

ಮಂಡ್ಯ ಟು ಮಾರಿಸ್‌ವಿಲ್

ಭೇಷ್ ಅಕ್ಕ. ಎಚ್‌ಆರ್ ವಿಷ್ಯ ನಾನು ಸುಮ್ನೆ ಹೆದರಿಸಿದ್ದು.

ಕ್ಯಾರಿ ಕೋಸಂಬರಿ

ಹೆದರಿದ್ದಂತೂ ನಿಜ 🙂 ಈ ಎಳೆಯಲ್ಲೇ ಇನ್ನೊಂದು ಕೇಳಿಬಿಡ್ತೀನಿ. ತಂಗಿ ಸಿಟಿಜನ್, ಅವಳ ಕಡೆಯಿಂದ ಅಪ್ಪನಿಗೆ ಗ್ರೀನ್ ಕಾರ್ಡ್ ಬಂದು ಎರಡು ವರ್ಷ. 71 ವಯಸ್ಸು, ಅವರ ಹೆಸರಲ್ಲಿ ಇಲ್ಲಿ ಆದಾಯ ಇಲ್ಲ. ಮೆಡಿಕೇಯ್ಡ್ ಸಿಗುತ್ತಾ?

ಅಂಕಿ ಅಣ್ಣಯ್ಯ

ಈಗ ಸಿಗಲ್ಲ. ಗ್ರೀನ್ ಕಾರ್ಡ್ ಬಂದು ಐದು ವರ್ಷ ಆಗಬೇಕು, 1996ರ ಕಾನೂನು. ಮಕ್ಕಳು, ಗರ್ಭಿಣಿಯರಿಗೆ ನಮ್ಮ ರಾಜ್ಯ ವಿನಾಯಿತಿ ಕೊಟ್ಟಿದೆ, ಅಪ್ಪಂದಿರಿಗಿಲ್ಲ. ಐದು ವರ್ಷ ಇಲ್ಲೇ ಇದ್ದಮೇಲೆ ಹಿರಿಯರ ಮೆಡಿಕೇರ್ ದುಡ್ಡು ಕೊಟ್ಟು ಕೊಳ್ಳಬಹುದು. ಅಪ್ಪ ಇಲ್ಲಿ ಕೆಲಸ ಮಾಡಿಲ್ಲದಿದ್ರೆ ಪಾರ್ಟ್ ಎ (ಆಸ್ಪತ್ರೆ ಖರ್ಚಿಗೆ) ಪೂರ್ತಿ ಪ್ರೀಮಿಯಂ 2025ರಲ್ಲಿ ತಿಂಗಳಿಗೆ 518 ಡಾಲರ್ ಇತ್ತು, ಪಾರ್ಟ್ ಬಿ (ಡಾಕ್ಟರ್ ಖರ್ಚಿಗೆ) 185, ವರ್ಷವರ್ಷ ಏರುತ್ತೆ. ಅಲ್ಲಿವರೆಗೆ ಮಾರ್ಕೆಟ್‌ಪ್ಲೇಸ್ ಪ್ಲಾನ್. ಮೊದಲು ಇಂಥ ಕಡಿಮೆ ಆದಾಯದ ಹಿರಿಯರಿಗೆ ಅಲ್ಲಿ ಸಬ್ಸಿಡಿ ಇತ್ತು, ಬಡತನ ರೇಖೆಗಿಂತ ಕೆಳಗಿದ್ರೂ. 2026ರಿಂದ ಅದು ನಿಂತಿದೆ. ಅಪ್ಪನ್ನ ನಿಮ್ಮ ಟ್ಯಾಕ್ಸಲ್ಲಿ ಡಿಪೆಂಡೆಂಟ್ ಅಂತ ತೋರಿಸ್ತೀರೋ ಇಲ್ವೋ ಅನ್ನೋದರ ಮೇಲೆ ಲೆಕ್ಕ ಬದಲಾಗುತ್ತೆ, ಟ್ಯಾಕ್ಸ್ ನೋಡೋ ಸಿಪಿಎ ಹತ್ರ ಕೂತು ನೋಡಿ.

ಹುಬ್ಬಳ್ಳಿ ಡಾಕ್ಟರ್, ಹ್ಯೂಸ್ಟನ್

ಮತ್ತ ಊರಿಗೆ ಹೋದಾಗ ಬಿಪಿ ಗುಳಿಗಿ ಜಾಸ್ತಿ ತಗೊಂಡ ಬರ್ರಿ, ಡಾಕ್ಟರ್ ಚೀಟಿ ಸಮೇತ. ಆದ್ರ ಆರು ತಿಂಗಳ ಮ್ಯಾಲ ಅಲ್ಲೇ ಕುಂದ್ರಬ್ಯಾಡ್ರಿ, ಮೆಡಿಕೇರ್‌ನ ಐದು ವರ್ಷದ ಲೆಕ್ಕಾ ತುಂಡ ಆಗಬಹುದು.